ಮೂಳೆಗೊಬ್ಬರ ಮಾರಿದ ವರ್ಷ

ಅಂಗಡಿ ಇಟ್ಟವನಿಗೆ ದಿನಕ್ಕೊಂದು ಪೇಚು ತಪ್ಪಿದ್ದಲ್ಲ. ಆದರೆ ಮೂಳೆಗೊಬ್ಬರ ತರಿಸಿದ ವರ್ಷ ಪೇಚುಗಳೇ ಗಿರಾಕಿಗಳಂತೆ ಸಾಲುಗಟ್ಟಿ ಬಂದವು.

ನಂಜನಗೂಡಿನ ಗುಡಿಯ ಬೀದಿಯಲ್ಲಿ ನನ್ನ ಅಂಗಡಿ. ನೈವೇದ್ಯದ ಬೆಲ್ಲ, ಕಾಯಿ, ಕರ್ಪೂರ ನನ್ನ ವ್ಯಾಪಾರ. ಬೇಸಾಯದ ಸಾಹೇಬರೊಬ್ಬರು ಬಂದು, "ಈ ಕೆಂಪು ಮಣ್ಣಲ್ಲಿ ಹುಳಿ ಜಾಸ್ತಿ, ಸಾರ ಕಮ್ಮಿ. ಮೂಳೆಪುಡಿ ಹಾಕಿ ಕಬ್ಬಿಣದ ನೇಗಿಲಲ್ಲಿ ಆಳಕ್ಕೆ ಉತ್ತು ಮುಚ್ಚಬೇಕು. ನೀವೇ ತರಿಸಿ ಮಾರಿ" ಎಂದರು. ಸರ್ಕಾರದವರಿಗೆ ಇಲ್ಲ ಎನ್ನಲಾದೀತೆ? ಚೀಲಗಳೂ ಒಂದೆರಡು ನೇಗಿಲುಗಳೂ ರೈಲಿನಲ್ಲಿ ಬಂದವು. "ಸೀಮೆಗೊಬ್ಬರ" ಎಂದು ಪುಡಿಗೆ ಹೆಸರಿಟ್ಟೆ. ಒಳಗಿರುವುದು ಮೂಳೆ ಎಂದು ತಿಳಿದರೆ ಆ ಬೀದಿಯಲ್ಲಿ ನನ್ನ ಬೆಲ್ಲವನ್ನೂ ಯಾರೂ ಮುಟ್ಟರು.

ರುಚಿ

ಮೊದಲು ಬಂದವರು ಬದನವಾಳು ಕಡೆಯ ಗೌಡರು, ಲಿಂಗಪೂಜೆಯಾಗದೆ ನೀರು ಕುಡಿಯದವರು. ಉಪ್ಪಾಗಲಿ ಬೆಲ್ಲವಾಗಲಿ, ಚಿಟಿಕೆ ಬಾಯಿಗೆ ಹಾಕದೆ ಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ನಾನು ಕೈ ಅಡ್ಡ ಹಿಡಿಯುವಷ್ಟರಲ್ಲಿ ಪುಡಿ ಅವರ ನಾಲಗೆಯ ಮೇಲಿತ್ತು. ಉಗಿಯಿರಿ ಎಂದರೆ ಯಾಕೆ ಎನ್ನುತ್ತಾರೆ.

ಗೌಡರು ಚಪ್ಪರಿಸಿದರು. "ರುಚಿನೇ ಇಲ್ವಲ್ಲ ಶೆಟ್ರೆ, ಹಳೇ ಮಾಲಾ?"

"ಬೆಳೆಗೆ ರುಚಿಸಿದರೆ ಸಾಕು ಗೌಡ್ರೆ."

"ಆಗ್ಲಿ, ಎರಡು ಚೀಲ ಹಾಕಿ. ಮನೆಯೋರಿಗೆ ತೋರ್ಸಕ್ಕೆ ಒಂದು ಪೊಟ್ಟಣಾನೂ ಕಟ್ಟಿ."

ಮನೆಯಲ್ಲಿ ಎಷ್ಟು ಜನ ನೆಕ್ಕಿ ನೋಡಿದರೋ, ನಾನು ವಿಚಾರಿಸಲು ಹೋಗಲಿಲ್ಲ.

ನೇಗಿಲು

ಗೊಬ್ಬರ ಆಳಕ್ಕೆ ಹೋಗದಿದ್ದರೆ ವಾಸನೆ ಹೊರಬಿದ್ದೀತೆಂಬ ಭಯ. ಅದಕ್ಕೇ ಹೆಮ್ಮಿಗೆಯ ರೈತನೊಬ್ಬನಿಗೆ ಚೀಲದ ಜೊತೆ ಕಬ್ಬಿಣದ ನೇಗಿಲನ್ನೂ ಪುಕ್ಕಟೆ ಕೊಟ್ಟು ಕಳಿಸಿದೆ. ನರಸೀಪುರದ ಸಂತೆಗೆ ಹೋದಾಗ ಅವನ ಮನೆಗೂ ಹೋದೆ. ನೇಗಿಲು ಅರಿಶಿನ ಕುಂಕುಮ ಬಳಿಸಿಕೊಂಡು ದೇವರ ಗೂಡಿನ ಪಕ್ಕ ನಿಂತಿತ್ತು.

"ಉಳಲಿಲ್ಲವೇನಯ್ಯ?"

"ಒಸಾ ನೇಗ್ಲು ಸಾ! ಆಯುಧಪೂಜೆ ಆಗ್ದೆ ಮಣ್ಗಿಳಿಸಕ್ಕಾದದಾ?"

"ಮತ್ತೆ ಗೊಬ್ಬರ?"

"ಮೇಲ್ಮೇಲೆ ಉದುರಿಸಿವ್ನಿ. ನಿಮ್ ನೇಗ್ಲು ಮಾತ್ರ ಬಲು ಗಟ್ಟಿ ಕಣ್ ಸಾ, ಒಂಚೂರೂ ಸವೆದಿಲ್ಲ!"

ನಾಯಿ

ಕಳಲೆ ಕಡೆಯ ಈಶ್ವರನ ಗುಡಿಯ ಅರ್ಚಕರು ಚೀಲ ಒಯ್ದರು. ಕಬ್ಬಿಣ ಭೂತಾಯಿಯ ಎದೆ ಬಗೆಯುತ್ತದೆಂದು ನಾನು ಕೊಟ್ಟ ನೇಗಿಲನ್ನು ಬಿಟ್ಟುಹೋದರು. ವಾರದಲ್ಲಿ ಆ ಕಡೆಯ ಗಾಡಿಯವನು ಸುದ್ದಿ ತಂದ: "ಅಯ್ನೋರ್ ಒಲದ್ ತುಂಬಾ ನಾಯಿ ಸಾ! ಸುತ್ತಳ್ಳಿ ನಾಯೆಲ್ಲ ಸೇರ್ಕಂಡು ಕೆರೀತಾವೆ."

ನಾಯಿಗೆ ತಿಳಿದದ್ದು ಅರ್ಚಕರಿಗೆ ತಿಳಿಯಲು ಎಷ್ಟು ಹೊತ್ತು? ಮರುದಿನ ಅವರು ಬೀದಿಯಲ್ಲಿ ಬಂದರು, ಹಿಂದೆ ಒಂದು ಗುಂಪು. ನಾನು ಅಂಗಡಿಯ ಹಲಗೆ ಮುಚ್ಚತೊಡಗಿದೆ.

"ಮುಚ್ಚಬೇಡಿ ಶೆಟ್ಟರೇ! ನಾಯಿ ಯಾರ ವಾಹನ, ಹೇಳಿ?"

"ಭೈ... ಭೈರವನದು."

"ಅವನೇ ಪರಿವಾರ ಕಳಿಸಿ ನನ್ನ ಹೊಲ ಅಗೆಸಿದ್ದಾನೆ! ಮೊಳದಾಳ! ನಿಮ್ಮ ಗೊಬ್ಬರ ಹಾಕದ ಪಕ್ಕದ ಹೊಲಕ್ಕೆ ಒಂದಾದರೂ ಕಾಲಿಟ್ಟಿತೇ, ಇವರನ್ನೇ ಕೇಳಿ!"

ಗುಂಪು ಚೀಲಗಳಿಗೆ ಮುಗಿಬಿತ್ತು. ಸಂಜೆಗೆ ಉಗ್ರಾಣ ಖಾಲಿ. ಕೊನೆಯ ಚೀಲ ಹೊತ್ತ ಮುದುಕ ಎರಡು ಹೆಜ್ಜೆ ಹೋದವನು ಅನುಮಾನದಿಂದ ತಿರುಗಿ ನಿಂತ.

"ಶೆಟ್ರೆ, ಅಸಲಿ ಮಾಲು ತಾನೆ? ನಾಯಿ ಬರ್ದಿದ್ರೆ ವಾಪಸ್ ತತ್ತೀನಿ!"