ಮಗಳ ಕ್ಯಾಂಪಸ್ಸೂ ನನ್ನ ಉತ್ಸಾಹವೂ

ಆರಿಸಿಕೊಳ್ಳುವ ಕೆಲಸ ನನ್ನ ಜಾಯಮಾನಕ್ಕೆ ಒಗ್ಗಿದ್ದಲ್ಲ. ಹೋಟೆಲಿಗೆ ಹೋದರೆ ಗೋಡೆಯ ಮೇಲೆ ಬರೆದ ತಿಂಡಿಗಳ ಹೆಸರನ್ನೆಲ್ಲ ನಾಳೆ ಪರೀಕ್ಷೆಯೇನೋ ಎಂಬಂತೆ ಓದುತ್ತೇನೆ. ಮಾಣಿಯ ಮುಖದಲ್ಲಿ ಅಸಹನೆ ಕಂಡ ಕೂಡಲೇ ಗಾಬರಿಬಿದ್ದು "ಮಸಾಲೆದೋಸೆ" ಅಂದುಬಿಡುತ್ತೇನೆ. ನಾನು ಬಿ.ಕಾಂ. ಪದವೀಧರನಾದದ್ದೂ ಹೀಗೆಯೇ. ವಾಣಿಜ್ಯಶಾಸ್ತ್ರದ ಮೇಲೆ ನನಗೆ ಪ್ರೀತಿಯೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ನಮ್ಮೂರಿಂದ ಮೈಸೂರಿಗೆ ಬರುತ್ತಿದ್ದ ಬೆಳಗಿನ ಬಸ್ಸು ಆ ಕಾಲೇಜಿನ ಮುಂದೆ ನಿಲ್ಲುತ್ತಿತ್ತು, ಅಷ್ಟೆ. ಇನ್ನೊಂದು ಸ್ಟಾಪು ಮುಂದೆ ಹೋಗಿದ್ದರೆ ವಿಜ್ಞಾನಿಯಾಗುತ್ತಿದ್ದೆನೋ ಏನೋ. ಕಾಲೇಜೆಂದರೆ ಆಗ ಒಂದು ಕಟ್ಟಡ. ವಿದ್ಯಾರ್ಥಿ ಜೀವನವೆಂದರೆ ಅದರ ಕಾಂಪೌಂಡ್ ಗೋಡೆ. ಅದರ ಮೇಲೆ ಕಾಲು ಇಳಿಬಿಟ್ಟು ಕೂತು ಹೋಗಿಬರುವವರನ್ನು ನೋಡುತ್ತಿದ್ದೆವು. ಬಸ್ಸು ಬಂದರೆ ಇಳಿದು ಹತ್ತುತ್ತಿದ್ದೆವು. ಹಾಗೆಯೇ ಪದವಿ ಬಂತು, ಕಡಕೊಳದ ರಟ್ಟಿನ ಪೆಟ್ಟಿಗೆಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ವಿದ್ಯಾರಣ್ಯಪುರದಲ್ಲಿ ಮನೆಯಾಯಿತು.

ಇಂಥ ನನ್ನ ಮಗಳು ಮೇಘನಾ ಪಿಯುಸಿ ಮುಗಿಸಿ ಪರಿಸರ ವಿಜ್ಞಾನ ಓದುತ್ತೇನೆಂದಳು. ಒಂದು ವಿಶ್ವವಿದ್ಯಾನಿಲಯದಲ್ಲಿ ಸೀಟೂ ಸಿಕ್ಕಿತು. ಸಿಕ್ಕಿದ ಮೇಲೆ ತಿಳಿದದ್ದೇನೆಂದರೆ, ಆ ವಿಶ್ವವಿದ್ಯಾನಿಲಯ ಒಂದೇ ಊರಿನಲ್ಲಿ ಇರುವಂಥದ್ದಲ್ಲ. ಮೈಸೂರಿನ ಹೊರವಲಯದಲ್ಲಿ ಅದರದೊಂದು ಕ್ಯಾಂಪಸ್ಸು, ಕರಾವಳಿಯಲ್ಲಿ ಒಂದು, ಕೊಡಗಿನ ಕಡೆ ಒಂದು. ಪಾಠ ಅದೇ, ಪದವಿ ಅದೇ. ಎಲ್ಲಿ ಓದುತ್ತೀರೋ ನೀವೇ ಹೇಳಿ ಎಂದು ಕೇಳಿದರು. ನಮ್ಮ ಕಾಲದಲ್ಲಿ ನಾವು ವಿಶ್ವವಿದ್ಯಾನಿಲಯವನ್ನು ಹುಡುಕಿಕೊಂಡು ಹೋಗುತ್ತಿದ್ದೆವು. ಈಗ ಅದೇ ಊರೂರಿಗೆ ಹೋಗಿ ಕೂತು ಮಕ್ಕಳನ್ನು ಕರೆಯುತ್ತಿದೆಯಲ್ಲ ಎಂದು ನಾನು ಬೆರಗಾದೆ.

ಆದರೆ ಜೀವನದಲ್ಲಿ ಮೊದಲ ಸಲ ಆಯ್ಕೆಯ ವಿಷಯದಲ್ಲಿ ನನಗೆ ಅನುಮಾನವೇ ಇರಲಿಲ್ಲ. ಮೈಸೂರು! ಮನೆ ಇಲ್ಲೇ, ಊಟ ಇಲ್ಲೇ, ಮಗಳು ಇಲ್ಲೇ. ಚಾಮರಾಜಪುರದಲ್ಲಿರುವ ನನ್ನ ಭಾವಮೈದ ಫೋನಿನಲ್ಲಿ ನನ್ನನ್ನು ಬೆಂಬಲಿಸಿದ. "ಯೋಚ್ನೆ ಮಾಡೋದೇನೈತೆ ಭಾವ? ಮನೆ ಪಕ್ಕದಲ್ಲಿ ಬಾವಿ ಇಟ್ಕಂಡು ಸಮುದ್ರುದ್ ನೀರು ಕುಡಿಯಕ್ಕೆ ಹೋಗ್ತಾರಾ?" ಅಂದ. ಮಾತು ಎಷ್ಟು ಹಿಡಿಸಿತೆಂದರೆ ಅದನ್ನು ನನ್ನದೇ ಎಂಬಂತೆ ಊಟಕ್ಕೆ ಕೂತಾಗ ಮಗಳಿಗೆ ಹೇಳಿದೆ. ಅವಳು, "ನೋಡೋಣ ಬುಡಪ್ಪ, ಮೊದ್ಲು ಕ್ಯಾಂಪಸ್ ನೋಡ್ಕೊಂಡು ಬರೋಣ" ಅಂದಳು. ಅವಳ ಮನಸ್ಸು ಅತ್ತಿತ್ತ ಹೊಯ್ದಾಡುತ್ತಿದೆ, ಒಂದು ತಳ್ಳು ಕೊಟ್ಟರೆ ನನ್ನ ಕಡೆಗೇ ಬೀಳುತ್ತಾಳೆ ಎಂದು ಲೆಕ್ಕ ಹಾಕಿದೆ. ನನ್ನ ಹೆಂಡತಿ ಶಾರದೆ ಮಾತ್ರ ಮಜ್ಜಿಗೆ ಬಡಿಸುತ್ತ, "ಓದೋಳು ಅವಳು ಕಣ್ರೀ" ಎಂದಷ್ಟೇ ಹೇಳಿದಳು.

ಪೋಷಕರಿಗೆ ಕ್ಯಾಂಪಸ್ ತೋರಿಸುವ ಭಾನುವಾರ ಮೂವರೂ ಹೋದೆವು. ಮಗಳಿಗೆ ಆ ಜಾಗವನ್ನು ಒಪ್ಪಿಸುವುದು ನನ್ನ ಉದ್ದೇಶ. ಗೇಟು ದಾಟಿದ ಮೇಲೆ ಉದ್ದೇಶ ಎಲ್ಲಿ ಬಿತ್ತೋ ತಿಳಿಯದು, ನಾನೇ ಒಪ್ಪಿಹೋದೆ. ಮೊದಲು ಗ್ರಂಥಾಲಯ. ಮಹಡಿಯ ಮೇಲೆ ಮಹಡಿ, ಎಲ್ಲ ಕಡೆ ಪುಸ್ತಕ. ಕಿಟಕಿಯ ಪಕ್ಕದ ಮೆತ್ತನೆಯ ಕುರ್ಚಿಯಲ್ಲಿ ಹುಡುಗನೊಬ್ಬ ಪುಸ್ತಕವನ್ನು ಎದೆಯ ಮೇಲೆ ಮಗುಚಿಟ್ಟುಕೊಂಡು ನಿದ್ದೆಹೋಗಿದ್ದ. ಗ್ರಂಥಪಾಲಕರು ಬಂದರು. ಈಗ ಶುರುವಾಗುತ್ತದೆ ಎಂದು ನಾನು ಉಸಿರು ಹಿಡಿದೆ. ಅವರು ಅವನ ಮುಖಕ್ಕೆ ಬೀಳುತ್ತಿದ್ದ ಬಿಸಿಲಿಗೆ ಪರದೆ ಎಳೆದು ಹೋದರು! ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಎಚ್ಚರವಾಗಿದ್ದವರನ್ನೂ ಹೊರಗೆ ಕಳಿಸುತ್ತಿದ್ದರು.

ಅಲ್ಲಿಂದ ಹೊರಬಂದರೆ ಮರಗಳ ಕೆಳಗೆ ವಿದ್ಯಾರ್ಥಿಗಳ ಸಂಘಗಳು ಮೇಜು ಹಾಕಿಕೊಂಡು ಕೂತಿದ್ದವು. ಹಕ್ಕಿ ನೋಡುವವರ ಸಂಘ, ನಾಟಕದವರದು, ಕಂಸಾಳೆ ಕಲಿಯುವವರದು, ಆಕಾಶ ನೋಡುವವರದು. ಕೊನೆಯವರು ಫಿಲ್ಟರ್ ಹಾಕಿದ ದುರ್ಬೀನನ್ನು ಸೂರ್ಯನ ಕಡೆ ತಿರುಗಿಸಿ ನಿಲ್ಲಿಸಿದ್ದರು. ನಾನು ಕಣ್ಣಿಟ್ಟೆ. ಕಿತ್ತಳೆ ಬಣ್ಣದ ಬಿಲ್ಲೆ, ಅದರ ಮೇಲೊಂದು ಸಾಸಿವೆ ಕಾಳು.

"ಗಾಜಿಗೆ ಧೂಳು ಕೂತೈತೆ ಕಣಮ್ಮ, ಒರೆಸ್ಬುಡಿ" ಅಂದೆ.

ದುರ್ಬೀನಿನ ಪಕ್ಕ ನಿಂತಿದ್ದ ಹುಡುಗಿ ನಕ್ಕಳು. "ಅದು ಧೂಳಲ್ಲ ಅಂಕಲ್, ಸೂರ್ಯನ ಮೇಲಿರೋ ಕಲೆ. ನಮ್ಮ ಭೂಮಿಗಿಂತ ದೊಡ್ಡದು."

ನಾನು ಮತ್ತೆ ನೋಡಿದೆ. ನನ್ನ ಮನೆ, ನನ್ನ ಕಾರ್ಖಾನೆ, ಚಾಮುಂಡಿಬೆಟ್ಟ, ಸಮುದ್ರಗಳು ಎಲ್ಲವೂ ಆ ಸಾಸಿವೆಯೊಳಗೆ ಬಿದ್ದುಹೋಗುತ್ತವೆ ಎಂದುಕೊಂಡಾಗ ಮೈ ಜುಮ್ಮೆಂದಿತು. ಇಷ್ಟು ವರ್ಷ ಅದರ ಕೆಳಗೇ ಓಡಾಡಿದ್ದೇನೆ. ಬಟ್ಟೆ ಒಣಗಿತೇ ಎಂಬುದನ್ನು ಬಿಟ್ಟು ಬೇರೇನನ್ನೂ ಅದರ ಬಗ್ಗೆ ವಿಚಾರಿಸಿರಲಿಲ್ಲ. ಆ ಬಾಕಿಯನ್ನೆಲ್ಲ ಅಲ್ಲೇ ತೀರಿಸತೊಡಗಿದೆ. ಕಲೆ ಹೋಗುತ್ತದೆಯೇ? ಮತ್ತೆ ಬರುತ್ತದೆಯೇ? ಹುಡುಗಿ ಸಂತೋಷದಿಂದ ಉತ್ತರಿಸುತ್ತಿದ್ದಳು. ಹಿಂದೆ ಸಾಲು ಬೆಳೆಯುತ್ತಿತ್ತು. "ಅಪ್ಪಾ, ಬೇರೆಯವ್ರೂ ನೋಡ್ಬೇಕು" ಎಂದು ಮೇಘನಾ ನನ್ನ ಅಂಗಿಯ ತೋಳು ಹಿಡಿದು ಎಳೆದಳು. ಅಷ್ಟರಲ್ಲಿ ನಾನು ಸಂಘಕ್ಕೆ ಸೇರಲು ನನ್ನ ಹೆಸರು ಹೇಳಿಯಾಗಿತ್ತು. "ನಿಮ್ಮದಲ್ಲ ಅಂಕಲ್, ಮಗಳ ಹೆಸರು" ಎಂದು ಹುಡುಗಿ ಹೇಳಿದಾಗಲೇ ನನಗೆ ಎಚ್ಚರವಾದದ್ದು.

ಕೊನೆಯಲ್ಲಿ ಒಂದು ಮಾದರಿ ತರಗತಿ. ಎದುರಿಗೆ ಗೋಡೆಯಗಲದ ಪರದೆ. ಅದರ ಒಂದು ಭಾಗದಲ್ಲಿ ಕರಾವಳಿಯ ತರಗತಿ, ಇನ್ನೊಂದರಲ್ಲಿ ಕೊಡಗಿನದು. ಅಲ್ಲಿ ಮಳೆ ಬರುತ್ತಿತ್ತು, ಇಲ್ಲಿ ಬಿಸಿಲು, ಪಾಠ ಮಾತ್ರ ಒಂದೇ. ಅಧ್ಯಾಪಕಿ ಎಲ್ಲರನ್ನೂ ಒಟ್ಟಿಗೆ ನೋಡಿ, "ನಿಮ್ಮ ಮನೆಗೆ ಕುಡಿಯೋ ನೀರು ಎಲ್ಲಿಂದ ಬರುತ್ತೆ?" ಎಂದು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಇಂಥ ಸುಲಭದ ಪ್ರಶ್ನೆ ಕಾಲೇಜಿನಲ್ಲಿ ನನಗೊಮ್ಮೆಯೂ ಬಂದಿರಲಿಲ್ಲ. ಕೈ ತಾನಾಗಿ ಮೇಲೆದ್ದಿತು.

"ನಲ್ಲಿಯಿಂದ, ಮೇಡಂ!"

ಮೈಕು ಹತ್ತಿರವಿತ್ತು; ಕ್ಯಾಮೆರಾ ನನ್ನ ಕಡೆ ತಿರುಗಿತು. ಪರದೆಯ ಮೇಲೆ ಬಾಗಿಲಿನಷ್ಟು ದೊಡ್ಡದಾಗಿ ನನ್ನ ಮುಖವೇ ಕಾಣಿಸಿತು. ಕೊಡಗು ನಕ್ಕಿತು, ಕರಾವಳಿ ನಕ್ಕಿತು, ಮೈಸೂರಂತೂ ಬೆಂಚು ಬಡಿದು ನಕ್ಕಿತು. ನನ್ನ ಕಾಲದಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಬೆಂಚಿನ ಮೇಲೆ ನಿಂತಿರುತ್ತಿದ್ದೆ. ಆದರೆ ಅಧ್ಯಾಪಕಿ ನಗಲಿಲ್ಲ. "ತುಂಬಾ ಒಳ್ಳೇ ಉತ್ತರ. ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರೋದು ಅಲ್ಲೀವರೆಗೇ. ಅಲ್ಲಿಂದ ಹಿಂದಕ್ಕೆ ಹೋಗೋಣ" ಎಂದು ಬೋರ್ಡಿನ ಮೇಲೆ ದೊಡ್ಡದಾಗಿ 'ನಲ್ಲಿ' ಎಂದು ಬರೆದರು. ಅಲ್ಲಿಂದ ಪೈಪು, ಪೈಪಿನಿಂದ ನದಿ, ನದಿಯಿಂದ ಕಾಡು, ಕಾಡಿನಿಂದ ಮೋಡ, ಮೋಡದಿಂದ ಸಮುದ್ರ. ಒಂದೊಂದು ಘಟ್ಟದಲ್ಲೂ ಒಂದೊಂದು ಕ್ಯಾಂಪಸ್ಸಿನ ಹುಡುಗರು ತಮ್ಮ ಊರಿನ ಸಂಗತಿ ಸೇರಿಸುತ್ತಿದ್ದರು. ನನ್ನ ಪೆದ್ದು ಉತ್ತರ ನನ್ನ ಕಣ್ಣೆದುರೇ ನಾಡಿನ ಉದ್ದಗಲಕ್ಕೂ ಹರಿದುಹೋಯಿತು. ನನ್ನ ಕಣ್ಣಲ್ಲಿ ನೀರು ಬಂತು. ಅದು ಎಲ್ಲಿಂದ ಬಂತೆಂದು ಅದೃಷ್ಟಕ್ಕೆ ಯಾರೂ ಕೇಳಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನೊಬ್ಬನೇ ಮಾತಾಡಿದೆ. "ಎರಡನೇ ಶಿಫ್ಟ್ ಇದ್ದಾಗ ಬೆಳಿಗ್ಗೆ ನಾನೇ ಸ್ಕೂಟರಲ್ಲಿ ಬಿಡ್ತೀನಿ. ಹಂಗೇ ಲೈಬ್ರರೀಲಿ ಕೂತಿರ್ತೀನಿ. ಮಧ್ಯಾಹ್ನ ಕ್ಯಾಂಟೀನಲ್ಲಿ ಒಟ್ಟಿಗೆ ಊಟ ಮಾಡ್ಬೋದು." ಮೇಘನಾ ಕಿಟಕಿಯಾಚೆ ನೋಡುತ್ತಿದ್ದಳು. ಅವಳೂ ನನ್ನಂತೆಯೇ ಬೆರಗಿನಲ್ಲಿ ಮಾತು ಕಳೆದುಕೊಂಡಿದ್ದಾಳೆ ಎಂದುಕೊಂಡೆ.

ಸಂಜೆ ಕಾಫಿ ಕುಡಿಯುವಾಗ ಅವಳು ಹೇಳಿದಳು: "ಅಪ್ಪ, ನಾನು ಕರಾವಳಿ ಕ್ಯಾಂಪಸ್ಸಿಗೆ ಹೋಗ್ತೀನಿ."

ನನಗೆ ಬಿಕ್ಕಳಿಕೆ ಬಂತು. "ಯಾಕಮ್ಮ? ಇಷ್ಟು ಚೆನ್ನಾಗೈತಲ್ಲ ಇಲ್ಲಿ!"

"ಚೆನ್ನಾಗಿದೆ. ಆದ್ರೆ ಅದು ಆಗ್ಲೇ ನಿನ್ನ ಕಾಲೇಜ್ ಆಗ್ಬುಟ್ಟಿದೆ. ಡಿಗ್ರಿ ಮುಗಿಯೋವರ್ಗೂ ನಾನಲ್ಲಿ ನಲ್ಲಿ ಅಂಕಲ್ ಮಗಳು ಅಷ್ಟೆ."

ಶಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಗಳು ಮಾತ್ರ ನಗುತ್ತಿರಲಿಲ್ಲ. "ಆ ಪ್ರಶ್ನೆ ಕೇಳಿದಾಗ ನನಗೂ ಏನೋ ಹೊಳೀತು ಅಪ್ಪ. ನೀನು ಪಕ್ಕದಲ್ಲಿದ್ದೆ, ತಪ್ಪಾದ್ರೆ ಅಂತ ಸುಮ್ನಾದೆ. ನೀನು ಹೆದರ್ದೆ ತಪ್ಪು ಹೇಳ್ಬುಟ್ಟೆ, ಎಷ್ಟು ಖುಷಿಯಾಗಿದ್ದೆ! ನನಗೂ ಹಂಗೆ ತಪ್ಪು ಹೇಳೋಕೆ ಒಂದು ಜಾಗ ಬೇಕು. ನೀನು ಇಲ್ದಿರೋ ಕಡೆ."

ಭಾವಮೈದನ ಬಾವಿಯ ಮಾತು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ಮಗಳನ್ನು ಹತ್ತಿರ ಉಳಿಸಿಕೊಳ್ಳಲೆಂದು ಹೋದವನು, ಒಂದೇ ದಿನದ ಉತ್ಸಾಹದಲ್ಲಿ ಅವಳನ್ನು ಸಮುದ್ರದ ತನಕ ಅಟ್ಟಿದ್ದೆ. "ಆಯ್ತು ಹೋಗು" ಅಂದೆ. ಅವಳು ಎದ್ದು ಬಂದು ನನ್ನ ಭುಜಕ್ಕೆ ತಲೆಯಾನಿಸಿ ಕೂತಳು. ಕಾಫಿ ಆರಿಹೋಯಿತು.

ಹಾಸ್ಟೆಲಿಗೆ ಬಿಟ್ಟುಬಂದ ದಿನ ನಾನು ಯಾರನ್ನೂ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಶಾರದೆ ನನ್ನ ಹಣೆ ಮುಟ್ಟಿ ಜ್ವರವೇನಾದರೂ ಇದೆಯೇ ಎಂದು ನೋಡಿದಳು.

ಮೊನ್ನೆ ಮೇಘನಾ ಫೋನು ಮಾಡಿದ್ದಳು. ಮಾತಿನಲ್ಲಿ ಉಸಿರಿಗೆ ಬಿಡುವಿರಲಿಲ್ಲ. ನೀರು ಇಳಿದ ಹೊತ್ತಿನಲ್ಲಿ ಇಡೀ ತರಗತಿಯೇ ಕಡಲ ದಂಡೆಗೆ ಹೋಗಿತ್ತಂತೆ. ಬಂಡೆಗಳ ಸಂದಿಯ ನೀರಿನಲ್ಲಿ, ಮುಟ್ಟಿದರೆ ಮುದುಡಿಕೊಳ್ಳುವ ಹೂವಿನಂಥ ಪ್ರಾಣಿಗಳಿದ್ದವಂತೆ. ಅವು ಗಿಡಗಳೆಂದು ಇವಳು ಎಲ್ಲರೆದುರು ವಾದಿಸಿ ಸೋತಳಂತೆ. ಸೋತದ್ದನ್ನು ಹೇಳಿಕೊಂಡು ಅವಳು ನಗುತ್ತಿದ್ದರೆ ನಾನು ಬಾಯಿ ತೆರೆದುಕೊಂಡು ಕೇಳುತ್ತಿದ್ದೆ. ಮುಟ್ಟಿದರೆ ಮುದುಡುವ ಪ್ರಾಣಿ! ಅದಕ್ಕೆ ಕಣ್ಣಿರುತ್ತದೆಯೇ? ಏನು ತಿನ್ನುತ್ತದೆ? ಫೋನು ಇಟ್ಟವನೇ ಅಟ್ಟದ ಮೇಲಿಂದ ಬ್ಯಾಗು ಇಳಿಸಿ ಧೂಳು ಕೊಡವತೊಡಗಿದೆ.

ಶಾರದೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. "ಎಲ್ಗೆ ಹೊರಟ್ರಿ?"

"ಶನಿವಾರ, ಭಾನುವಾರ ರಜಾ ಅಲ್ವೇನೇ. ಸುಮ್ನೆ ಒಂದ್ಸಲ ಸಮುದ್ರ ನೋಡ್ಕೊಂಡು ಬರಾಣ ಅಂತ."

"ಹೋಗ್ಬುಟ್ಟು ಬನ್ನಿ. ಆಮೇಲೆ ಅವಳು ಕೊಡಗಿಗೆ ವರ್ಗ ಮಾಡಿಸ್ಕಂಡ್ರೆ ನನ್ನನ್ನ ಕೇಳ್ಬೇಡಿ."

ಬ್ಯಾಗಿನ ಧೂಳು ಕೊಡವುವುದಷ್ಟೇ ನನ್ನ ಉದ್ದೇಶವಾಗಿತ್ತು ಎಂಬಂತೆ, ಅದನ್ನು ಇನ್ನೊಮ್ಮೆ ಚೆನ್ನಾಗಿ ಕೊಡವಿ ಅಟ್ಟದ ಮೇಲಿಟ್ಟೆ.