ಮಮ್ಮಿ ಕಣ್ಣು ಮುಚ್ಚಿ ನೋಡಿದ ಸಿನಿಮಾಗಳು

ನಮ್ಮ ಮನೆಯ ನೆಮ್ಮದಿ ಕೆಟ್ಟದ್ದು ಒಂದು ಶುಕ್ರವಾರ ಸಂಜೆ ಸರಿಯಾಗಿ ನಾಲ್ಕು ಗಂಟೆ ಹನ್ನೆರಡು ನಿಮಿಷಕ್ಕೆ. ಇಷ್ಟು ನಿಖರವಾಗಿ ಹೇಳಲು ಕಾರಣವಿದೆ. ಆ ಕ್ಷಣ ಟಿ.ವಿ. ರಿಮೋಟು ನನ್ನ ಎಡಗಿವಿಯನ್ನು ಸವರಿಕೊಂಡು ಹಾರಿ ಗೋಡೆ ಗಡಿಯಾರಕ್ಕೆ ಬಡಿಯಿತು. ಗಡಿಯಾರ ಅಲ್ಲೇ ನಿಂತಿತು. ಗುರಿ ಗಡಿಯಾರವಲ್ಲ, ಅದರ ಕೆಳಗೆ ನಗುತ್ತಿದ್ದ, ತೀರಿಕೊಂಡು ನಾಲ್ಕು ವರ್ಷವಾಗುತ್ತ ಬಂದಿದ್ದ ಪಪ್ಪಾನ ಫೋಟೋ. ಎಸೆದವರು ಎಪ್ಪತ್ತೆರಡರ ನನ್ನ ಮಮ್ಮಿ, ವಿಸಿಟ್ ವೀಸಾದಲ್ಲಿ ಮಂಗಳೂರಿನಿಂದ ದುಬೈಯ ಅಲ್ ಬರ್ಷಾದ ನಮ್ಮ ಫ್ಲ್ಯಾಟಿಗೆ ಬಂದವರು. ಇಂಗ್ಲಿಷ್ ಎಂ.ಎ. ಮಾಡಿದ ನಾನು ದುರಂತ ನಾಟಕಗಳನ್ನು ಬೇಕಾದಷ್ಟು ಓದಿದ್ದೇನೆ. ಆದರೆ ಯಾವುದರಲ್ಲೂ ನನ್ನ ಕಿವಿ ಇರಲಿಲ್ಲ.

ತಪ್ಪು ನನ್ನದೇ. ಮಮ್ಮಿಯ ಹರೆಯದ ಕಾಲದ ಹಾಲಿವುಡ್ ಚಿತ್ರವೊಂದನ್ನು ಹುಡುಕಿ ಹಾಕಿದ್ದೆ. ಹ್ಯಾಟನ್ನು ಹುಬ್ಬಿನವರೆಗೆ ಇಳಿಸಿ, ತುಟಿಯ ಮೂಲೆಗೆ ಸಿಗರೇಟು ಸಿಕ್ಕಿಸಿಕೊಂಡ ಅದರ ನಾಯಕನಿಗೆ, ಕಂಡ ಹೆಂಗಸರನ್ನೆಲ್ಲ ಕೆಡಿಸುವವನೆಂಬ ಕೀರ್ತಿ. ಆಗೆಲ್ಲ ಮಮ್ಮಿಯ ಚರ್ಚಿನ ಬಾಗಿಲಿಗೆ ನೋಡಬಾರದ ಸಿನಿಮಾಗಳ ಪಟ್ಟಿ ಅಂಟಿಸುತ್ತಿದ್ದರಂತೆ. ಪಟ್ಟಿಗೂ ಆಸೆಗೂ ನಡುವೆ ಮಮ್ಮಿ ಒಂದು ರಾಜಿ ಮಾಡಿಕೊಂಡಿದ್ದರು: ಸಿನಿಮಾ ನೋಡುವುದು, ಕೆಟ್ಟ ಜಾಗ ಬಂದಾಗ ಕಣ್ಣು ಮುಚ್ಚುವುದು. ಪಕ್ಕದಲ್ಲಿ ಕೂತ ಪಪ್ಪಾ ಎಲ್ಲವನ್ನೂ ನೋಡಿ, ಮನೆಗೆ ಬರುವ ದಾರಿಯಲ್ಲಿ, ತಪ್ಪಿಸಿಕೊಂಡ ಪಾಪದ ತೂಕ ತಿಳಿಯಲೆಂದು, ಏನೇನಾಯಿತೆಂದು ವಿವರಿಸುತ್ತಿದ್ದರು. ಮಮ್ಮಿ ಕಿವಿ ಮುಚ್ಚುವ ಹರಕೆ ಹೊತ್ತಿರಲಿಲ್ಲ.

“ಇವತ್ತು ಕಣ್ಣು ಬಿಟ್ಟೇ ನೋಡ್ತೇನೆ ಪುತಾ, ಇನ್ನು ಎಂತ ಹೆದರಿಕೆ?” ಎಂದು ಮಮ್ಮಿ ಕನ್ನಡಕ ಒರೆಸಿ ಕೂತರು. ನಾಯಕ ನಾಯಕಿಯ ಹತ್ತಿರ ಬಂದ. ಇನ್ನೂ ಹತ್ತಿರ ಬಂದ. ಕ್ಯಾಮೆರಾ ತಿರುಗಿ ಕಿಟಕಿಯ ಪರದೆ ತೋರಿಸಿತು. ಪರದೆ ಅಲ್ಲಾಡಿತು. ಮುಂದಿನ ದೃಶ್ಯದಲ್ಲಿ ಇಬ್ಬರೂ ಮೊಟ್ಟೆ ತಿನ್ನುತ್ತಿದ್ದರು.

“ಈ ದುಬೈಯವರು ಕತ್ತರಿಸಿದ್ದಾ?”

“ಅಲ್ಲ ಮಮ್ಮಿ, ಹಾಲಿವುಡ್ಡಿನವರೇ ಆಗ ನಿಯಮ ಮಾಡಿಕೊಂಡಿದ್ರು. ಗಂಡ ಹೆಂಡತಿಗೂ ಬೇರೆಬೇರೆ ಮಂಚ. ಅಲ್ಲಿ ಇದ್ದದ್ದೇ ಇಷ್ಟು.” ನನ್ನ ಎಂ.ಎ. ಸುಮ್ಮನಿರಲಿಲ್ಲ.

“ಇಷ್ಟೇ? ಹಾಗಾದ್ರೆ ನಿನ್ನ ಪಪ್ಪಾ ನನಗೆ ಹೇಳಿದ್ದು?”

ರಿಮೋಟು ಹಾರಿದ್ದು ಆಗ.

“ಅಷ್ಟೆಲ್ಲ ಆ ಮನುಷ್ಯ ಎಲ್ಲಿ ಕಲಿತದ್ದು? ಯಾರ ಹತ್ರ ಕಲಿತದ್ದು? ಬರುವ ಶುಕ್ರವಾರದ ಪೂಜೆ ಕ್ಯಾನ್ಸಲ್ ಮಾಡು. ಖಲಾಸ್!”

ಅದು ಪಪ್ಪಾನ ವರ್ಷಾಂತಿಕದ ಬಲಿಪೂಜೆ. ಮಮ್ಮಿ ವಿಮಾನ ಹತ್ತಿದ್ದೇ ಅದಕ್ಕೆ. ಫೋಟೋ ಗೋಡೆಗೆ ಮುಖ ಮಾಡಿತು. ಮಮ್ಮಿಗೆ ನಿದ್ದೆ ಬರಲಿಲ್ಲ, ಆದ್ದರಿಂದ ನಮಗೂ ಬರಲಿಲ್ಲ. ಪೂಜೆ ರದ್ದು ಮಾಡಲು ಪಾದ್ರಿಗೆ ಏನು ಕಾರಣ ಹೇಳುವುದು? ಸತ್ತವರು ಸುಳ್ಳು ಮುತ್ತು ವರ್ಣಿಸಿದ್ದಾರೆ ಎಂದೇ? ಫೋನು ಕೈಗೆತ್ತಿಕೊಳ್ಳುವುದು, ಇಡುವುದು, ಇಷ್ಟೇ ನನ್ನ ಕೆಲಸವಾಯಿತು. ಮಮ್ಮಿ ಚಮಚ ಎತ್ತಿದರೂ ನನ್ನ ಕೈ ಎಡಗಿವಿಗೆ ಹೋಗುತ್ತಿತ್ತು.

ಬುಧವಾರ ಸಂಜೆ ನನ್ನ ಹೆಂಡತಿ ರೀಟಾ ಧೈರ್ಯ ಮಾಡಿದಳು. “ಅಷ್ಟಕ್ಕೂ ಪಪ್ಪಾ ಹೇಳಿದ್ದಾದ್ರೂ ಎಂತ ಮಮ್ಮಿ?”

“ಎಂತ ಹೇಳುದು ಮಾರಾಯ್ತಿ! ಅವನು ಅವಳ ಕೈ ಹಿಡಿದ್ನಂತೆ, ಆಮೇಲೆ… ಪುತಾ, ಕುಬ್ಬೂಸ್ ಮುಗಿದಿದೆ. ಯಲ್ಲಾ, ಹೋಗು.”

ರೊಟ್ಟಿ ತಂದೆ. “ಮೊಸರು?” ತಂದೆ. “ಕೊತ್ತಂಬರಿ ಸೊಪ್ಪಿಲ್ಲದೆ ಹೇಗೆ?” ಮೂರನೇ ಸಲ ಕಂಡಾಗ ಗ್ರೋಸರಿಯವನು ಮನೆಯಲ್ಲಿ ಪಾರ್ಟಿಯೇ ಎಂದು ಕೇಳಿದ. ಹಿಂದಿರುಗಿದರೆ ಅತ್ತೆ ಸೊಸೆ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು.

“ಒಂದು ಸಿನಿಮಾದಲ್ಲೂ ಇಲ್ಲದ್ದು! ನನಗೋಸ್ಕರವೇ ಕೂತು ಕತೆ ಕಟ್ಟಿದ್ದಲ್ವಾ, ಪೋಕ್ರಿ ಮನುಷ್ಯ,” ಎಂದ ಮಮ್ಮಿಯ ಮುಖ ಕೆಂಪಾಗಿತ್ತು. ಎದ್ದು ಫೋಟೋವನ್ನು ಸರಿಯಾಗಿ ತಿರುಗಿಸಿದರು. “ಪೂಜೆ ಉಂಟು ಅಂತ ಪಾದ್ರಿಗೆ ಹೇಳು.” ಇಲ್ಲ ಎಂದು ಹೇಳಿಯೇ ಇರದ ನಾನು ಬಹಳ ಕಷ್ಟಪಟ್ಟವನಂತೆ ಫೋನು ತೆಗೆದುಕೊಂಡು ಬಾಲ್ಕನಿಗೆ ಹೋಗಿಬಂದೆ.

ಪೂಜೆ ಚೆನ್ನಾಗಿ ನಡೆಯಿತು. ಆ ಶುಕ್ರವಾರ ಮಮ್ಮಿಯೂ ರೀಟಾಳೂ ಬೆಳಗಿನವರೆಗೆ ಗಾಢವಾಗಿ ನಿದ್ರಿಸಿದರು. ನಾನು ಮಾತ್ರ ಹೊರಳಾಡಿದೆ. “ಪಪ್ಪಾ ಎಂತ ಹೇಳಿದ್ದಂತೆ?” ಎಂದು ಮರುದಿನ ಚಹಾದ ಹೊತ್ತಿಗೆ ರೀಟಾಳನ್ನು ಏಳನೇ ಸಲ ಕೇಳಿದೆ. “ಅದು ನಿನಗೆ ಬೇಡ, ನೀನು ಸಣ್ಣವ,” ಎಂದಳು. ನನಗೆ ನಲವತ್ತನಾಲ್ಕು. ಅಪ್ಪನ ಸಿನಿಮಾ ನೋಡುವ ವಯಸ್ಸು ಇನ್ನೂ ಆಗಿಲ್ಲವೆಂದು ಕೊನೆಗೂ ಒಪ್ಪಿಕೊಂಡೆ. ನನಗೆ ಬೆಳಗಿನವರೆಗೆ ನಿದ್ದೆ ಬಂದದ್ದು ಆ ಶನಿವಾರ.