ವಾಲೆಟ್ಟಿನ ಪಾಲುಪಾರೀಕತ್ತು

ಈ ಕಾಯಿನ್ನೆಲ್ಲ ನನ್ನದಾ? ಒಂದೂ ನನ್ನದಲ್ಲ ಸ್ವಾಮಿ. ಆಪ್ ತೆಗೆದು ಕೂತಿದ್ದು ನೋಡಿ ಕ್ರಿಪ್ಟೋ ಕುಳ ಅಂದ್ಕೊಂಡ್ಬಿಟ್ರಾ? ಉಪ್ಪಾರಹಳ್ಳೀಲಿ ಒಂದು ಮೊಬೈಲ್ ಅಂಗಡಿ ಇಟ್ಕೊಂಡಿದೀನಿ, ಅಷ್ಟೇ. ಫೋನಿನ ಮೇಲೆ ಗಾಜು ಅಂಟಿಸೋನಿಗೆ ಗಾಜಿನ ಕೆಳಗಿರೋದೆಲ್ಲ ಗೊತ್ತಿರುತ್ತೆ ಅಂತ ನಮ್ ಕಡೆ ಜನದ ನಂಬಿಕೆ. ಹಂಗಾಗಿ ಇಂಥಾವು ಬರ್ತಾನೇ ಇರ್ತವೆ. ಆದ್ರೆ ನನ್ನ ಹೆಂಡ್ತಿ ತವರುಮನೆ ವಾಲೆಟ್ಟಿನಷ್ಟು ಕಾಟ ಯಾವುದೂ ಕೊಟ್ಟಿಲ್ಲ.

ಅವಳಿಗೆ ಒಬ್ಬ ಅಣ್ಣ, ಒಬ್ಬ ತಮ್ಮ. ಅಣ್ಣ ಗುಬ್ಬಿ ಹತ್ರ ತೋಟ ನೋಡ್ಕೊಂಡವ್ರೆ. ತಮ್ಮ ಕುಣಿಗಲ್ಲಲ್ಲಿ ಪೈಪು, ಮೋಟ್ರು ಅಂಗಡಿ ಇಟ್ಟವ್ನೆ. ಜೊತೇಲಿದ್ದಾಗ ತೆಂಗಿನಕಾಯಿ ದುಡ್ಡಲ್ಲಿ ಇಬ್ರೂ ಸೇರಿ ಕ್ರಿಪ್ಟೋ ಕಾಯಿನ್ ತಗೊಂಡಿದ್ರು. ಆಮೇಲೆ ತೋಟ ಭಾಗ ಆಯ್ತು, ಮನೆ ಭಾಗ ಆಯ್ತು, ಆ ಕಾಯಿನ್ ಇಡೋ ವಾಲೆಟ್ ಆಪ್ ಮಾತ್ರ ಗುಬ್ಬಿಯವರ ಫೋನಲ್ಲೇ ಉಳೀತು. ಅದೇ ನೆಪಕ್ಕೆ ಅಣ್ಣ ತಮ್ಮಂಗೆ ಮಾತು ಬಿಟ್ಟೋಯ್ತು.

ನನ್ನ ಹೆಂಡ್ತೀದು ಒಂದೇ ಹಠ. "ಗೌರಿ ಹಬ್ಬಕ್ಕೆ ಇಬ್ರೂ ಒಟ್ಟಿಗೆ ಬಾಗಿನ ತರ್ಬೇಕು. ಒಬ್ಬೊಬ್ರೇ ಬಂದ್ರೆ ಬಾಗ್ಲು ತೆಗೆಯಲ್ಲ. ಅದೇನು ಪರ್ಸೋ, ನೀವೇ ಹೋಗಿ ಹರಿದು ಹಂಚಿ ಬನ್ನಿ."

ರೋಡ್ ಪಕ್ಕದ್ದು

ಗುಬ್ಬಿಗೆ ಹೋದೆ. ಕುಣಿಗಲ್ನವನೂ ಬಂದು ಮೂಲೇಲಿ ಕೂತಿದ್ದ. ಪಂಚಾಯ್ತಿಗೆ ಅವರ ದೊಡ್ಡಪ್ಪ. ಗುಬ್ಬಿಯವರು ಆಪ್ ತೆಗೆದ್ರು. ಒಂದೇ ವಾಲೆಟ್ಟು, ಒಳಗೆ ನಾಲ್ಕು ಅಕೌಂಟು. ಅಕೌಂಟ್ ಒಂದು, ಎರಡು ಅಂದ್ರೆ ನೆನಪಿರಲ್ಲ ಅಂತ ಅವರೇ ತೋಟದ ತುಂಡುಗಳ ಹೆಸರು ಇಟ್ಟಿದ್ರು: ಕೆರೆ ಹಿಂದಿಂದು, ಬಾವಿ ಹತ್ರದ್ದು, ಮೇಲಿನ ತೋಟ, ರೋಡ್ ಪಕ್ಕದ್ದು.

ನೋಡ್ತಿದ್ದಂಗೆ ಕುಣಿಗಲ್ನವನು, "ರೋಡ್ ಪಕ್ಕದ್ದು ನಂಗೇ ಬೇಕು" ಅಂದ.

"ಅದು ಖಾಲಿ ಕಣೋ. ಸೊನ್ನೆ. ಕಾಣಲ್ವಾ?" ಅಂದೆ.

"ಇವತ್ತು ಖಾಲಿ ಇರ್ಬೋದು ಭಾವ. ರೋಡ್ ಪಕ್ಕ ಅಂದ್ಮೇಲೆ ರೇಟ್ ಬಂದೇ ಬರುತ್ತೆ."

"ಅಂಗಾರೆ ನಾನ್ಯಾಕ್ಲಾ ಬುಡ್ಲಿ?" ಅಂತ ಗುಬ್ಬಿಯವರೂ ಎದ್ದು ನಿಂತ್ರು.

ಖಾಲಿ ಸೈಟಿಗೆ ಹೊಡೆದಾಡೋದು ನೋಡಿದೀನಿ. ಇಲ್ಲಿ ಸೈಟೂ ಇರ್ಲಿಲ್ಲ.

ಗ್ಯಾಸು

"ತಮ್ಮನ ಫೋನಲ್ಲಿ ಬೇರೆ ವಾಲೆಟ್ ಮಾಡ್ತೀನಿ, ಅವನ ಪಾಲು ಅಲ್ಲಿಗೆ ಕಳಿಸ್ಬಿಡಿ. ಕಳಿಸೋಕೆ ಗ್ಯಾಸ್ ಕಟ್ಬೇಕು, ಅಷ್ಟೇ" ಅಂದೆ. ಕಳಿಸೋ ಚಾರ್ಜಿಗೆ ಆ ಲೋಕದಲ್ಲಿ ಗ್ಯಾಸ್ ಅಂತಾರೆ. ಹೆಸರು ನಾನಿಟ್ಟಿದ್ದಲ್ಲ.

"ಮನೆ ಬಿಟ್ಟು ಹೋದೋನು ತಾನೇ ಬಸ್ ಚಾರ್ಜ್ ಕೊಡ್ಬೇಕು?" ಅಂದ್ರು ಗುಬ್ಬಿಯವರು.

"ಸಾಮಾನು ಇಟ್ಕೊಂಡಿರೋರೇ ತಂದು ಇಳಿಸ್ಬೇಕು" ಅಂದ ಕುಣಿಗಲ್ನವನು.

ಒಲೆ ಮುಂದಿದ್ದ ಗುಬ್ಬಿಯವರ ಹೆಂಡ್ತಿ ತಡೀಲಾರದೆ ಆಚೆ ಬಂದ್ರು. "ಅಣ್ಣಾ, ಕೊಟ್ಟಿಗೆ ಹಿಂದೆ ಗೋಬರ್ ಗ್ಯಾಸು ಬೇಕಾದಂಗೆ ಐತೆ. ಅದು ನಡೆಯಲ್ವಾ?"

ನಾನು ನಗೋಣ ಅಂತ ಇಬ್ಬರ ಮುಖ ನೋಡ್ದೆ. ಇಬ್ರೂ ನನ್ನ ಉತ್ತರಕ್ಕೆ ಕಾಯ್ತಿದ್ರು.

ಬೀಜ

"ಆ ಪೆಟ್ಟಿಗೆಗೆ ಬೀಗದ ಕೈ ಇಲ್ವೇನಪ್ಪಾ?" ಅಂತ ದೊಡ್ಡಪ್ಪ ಕೇಳಿದ್ರು.

"ಐತೆ. ಹನ್ನೆರಡು ಇಂಗ್ಲಿಷ್ ಪದ. ಅದು ಯಾರ ಹತ್ರ ಇರುತ್ತೋ ನಾಲ್ಕೂ ಅಕೌಂಟು ಅವರದ್ದೇ. ಸೀಡ್ ಅಂತಾರೆ."

"ಸೀಡು ಅಂದ್ರೆ ಬೀಜ ತಾನೆ?"

"ಬೀಜಾನೇ."

"ಮತ್ತಿನ್ನೇನು! ಮನೆ ಭಾಗ ಆದಾಗ ರಾಗಿ ಬೀಜ ಸಮ ಅಳೆದು ಕೊಡಲ್ವಾ? ಹಂಚ್ರಲಾ ಆರಾರು."

ಪದಗಳನ್ನ ಕಾಗದದ ಮೇಲೆ ಬರೆಸಿ, ಕತ್ತರಿಸಿ ಎರಡು ಗುಡ್ಡೆ ಹಾಕಿದ್ರು. ಕುಣಿಗಲ್ನವನು ತನ್ನ ಗುಡ್ಡೆ ನೋಡಿ ಕೆಂಪಾದ. "ಗೋಲ್ಡು, ಕೊಕೊನಟ್ಟು ಎಲ್ಲ ಅಣ್ಣಂಗೆ, ನಂಗೆ ಡಾಂಕಿ, ಪಿಗ್ಗಾ? ಇದ್ಯಾವ ನ್ಯಾಯ ದೊಡ್ಡಪ್ಪಾ?"

ದೊಡ್ಡಪ್ಪನಿಗೂ ಹೌದು ಅನ್ನಿಸ್ತು. ಗೋಲ್ಡ್ ಈ ಕಡೆ ಬಂತು, ಡಾಂಕಿ ಆ ಕಡೆ ಹೋಯ್ತು. ಒಂದು ಪದ ಹಿಂದು ಮುಂದಾದ್ರೂ ತೆರೆಯಲ್ಲ ಅಂತ ಬಡ್ಕೊಂಡು, ಎಲ್ಲದರ ಮೇಲೂ ನಂಬರ್ ಹಾಕಿದೆ. ಇನ್ಮೇಲೆ ಪೆಟ್ಟಿಗೆ ಒಬ್ಬನ ಮನೇಲಿ ಇರಕೂಡದು ಅಂತ ದೊಡ್ಡಪ್ಪ ಗುಬ್ಬಿಯವರ ಫೋನಿಂದ ಆಪನ್ನೂ ಅಳಿಸು ಅಂದ್ರು. ಚೀಟಿಗಳ ನಂಬರ್ ಇನ್ನೆರಡು ಸಲ ಎಣಿಸ್ಕೊಂಡು ಅಳಿಸಿದೆ.

"ಹೆದರ್ಬ್ಯಾಡಪ್ಪಾ. ಬೀಜ ಇದ್ಮೇಲೆ ಪೈರು ಬಂದೇ ಬತ್ತದೆ."

ಅವತ್ತು ಅಲ್ಲಿ ಆ ಆಪಿನ ಬಗ್ಗೆ ಯಾರಾದ್ರೂ ಸರಿಯಾದ ಮಾತು ಆಡಿದ್ರೆ, ಅದೊಂದೇ.

ಟವೆಲ್ ಕೆಳಗೆ

ಈಗ ಒಳಗೇನಿದೆ ನೋಡ್ಬೇಕಂದ್ರೂ ಇಬ್ರೂ ಸೇರ್ಬೇಕು. ಗುಬ್ಬಿಗೂ ಕುಣಿಗಲ್ಲಿಗೂ ನಡುವೆ ಸಿಗೋದು ನನ್ನ ಅಂಗಡಿ. ಅಲ್ಲಿಗೇ ಬಂದ್ರು, ನನ್ನ ಫೋನಲ್ಲೇ ಆಪ್ ಹಾಕಿ ಕೊಟ್ಟೆ. ಗುಬ್ಬಿಯವರು ಶೀತ ಆದೋರು ಹಬೆ ತಗೊಳ್ಳೋ ಹಂಗೆ ತಲೆ ಮೇಲೆ ಟವೆಲ್ ಹೊದ್ದು ತಮ್ಮ ಪದ ಒತ್ತಿದ್ರು. "ತಗೊಳ್ಳಲಾ, ನಿನ್ ಗೋಲ್ಡ್ ಬಂತು" ಅಂತ ಫೋನು, ಟವೆಲ್ ಎರಡೂ ದಾಟಿಸಿದ್ರು. ಇವನು ಒತ್ತಿ, "ಅಣ್ಣಾ, ಕತ್ತೆ ನಿಂದು" ಅಂತ ವಾಪಸ್ ಕೊಟ್ಟ.

ತೆರೀತು. ಕಾಯಿನ್ ಎಲ್ಲ ಹಂಗೇ ಇತ್ತು. ಆದ್ರೆ ಇಟ್ಟಿದ್ದ ಹೆಸರೆಲ್ಲ ಅಳಿಸಿದ ಆಪಿನ ಜೊತೆಗೇ ಮಾಯ. ಬರೀ ಅಕೌಂಟ್ ಒಂದು, ಎರಡು, ಮೂರು. ಏನೂ ಇಲ್ದ ಅಕೌಂಟನ್ನ ಆಪ್ ಹುಡುಕಿ ತರಲ್ಲ, ಹಂಗಾಗಿ ಖಾಲಿ ಇದ್ದಿದ್ದು ಪತ್ತೇನೇ ಇಲ್ಲ.

ಕುಣಿಗಲ್ನವನು ಗಾಬರಿಯಾದ. "ಅಣ್ಣಾ, ರೋಡ್ ಪಕ್ಕದ್ದು ಎಲ್ಲೋಯ್ತು?"

ಗುಬ್ಬಿಯವರು ಟವೆಲ್ ಹೆಗಲಿಗೆ ಹಾಕ್ಕೊಂಡು ಹೇಳಿದ್ರು: "ರೋಡ್ ಅಗಲ ಮಾಡಿದ್ರಲ್ಲಾ, ಅದ್ರಲ್ಲಿ ಹೋಯ್ತು ಬುಡು."

ಮೊದಲು ತಮ್ಮ ನಕ್ಕ, ಆಮೇಲೆ ಅಣ್ಣ. ಎಷ್ಟು ನಕ್ರು ಅಂದ್ರೆ ಸ್ಕ್ರೀನ್ ಗಾರ್ಡ್ ಹಾಕ್ಸೋಕೆ ಬಂದಿದ್ದ ಹೆಂಗಸು ಬೇರೆ ಅಂಗಡಿಗೆ ಹೋದ್ರು.

ಬಾಗಿನ

ಗೌರಿ ಹಬ್ಬಕ್ಕೆ ಕುಣಿಗಲ್ನವನು ಸುತ್ತು ಹಾಕಿ ಗುಬ್ಬಿಗೆ ಹೋಗಿ, ಅಣ್ಣನ್ನ ಬೈಕಲ್ಲಿ ಕೂರಿಸ್ಕೊಂಡು ಬಂದ. ನನ್ನ ಹೆಂಡ್ತಿ ಬಾಗ್ಲು ತೆಗೆದು, ಕಣ್ಣೊರೆಸ್ಕೊಂಡು, ಇಬ್ರಿಗೂ ಒಬ್ಬಟ್ಟು ಬಡಿಸಿದ್ಲು. ಅವರು ಹೊರಟ್ಮೇಲೆ ನಾನು ಎದೆ ಉಬ್ಬಿಸ್ಕೊಂಡು, ಹೆಂಗೆ ರಾಜಿ ಆಯ್ತು ಅಂತ ಪೂರ್ತಿ ಕಥೆ ಹೇಳ್ದೆ. ಬೀಜ, ಹನ್ನೆರಡು ಪದ, ಆರಾರು, ಎಲ್ಲ.

ಬಾಗಿನದ ಮೊರ ಎತ್ತಿಡ್ತಿದ್ದೋಳು ಅಲ್ಲೇ ನಿಂತ್ಲು.

"ಅಲ್ರೀ, ಅದು ನಮ್ಮಪ್ಪನ ತೋಟದ ಕಾಯಿ ದುಡ್ಡಲ್ವಾ? ತೋಟ ಭಾಗ ಆದಾಗ ಸೈನ್ ಹಾಕಮ್ಮಾ ಅಂತ ಒಂದು ಸೀರೆನಾದ್ರೂ ಕೊಟ್ಟಿದ್ರು. ಈಗ ಆರಾರು ಅಂತ ಹಂಚಿ ಬಂದಿದೀರಲ್ಲ, ಹೆಣ್ಮಗಳ ನಾಲ್ಕು ಪದ ಎಲ್ರೀ?"